ಜಿಗಣೆ ಅಂತ ಕೂಗುವ ಮುನ್ನ

(ತಾಲ್ಲೂಕು ರೈತ ಅಧ್ಯಯನ ಶಿಬಿರದ ಎರಡನೇ ದಿನ ಮಾಡಿದ ಭಾಷಣ. ಓದುಗರಿಗಾಗಿ ಅಲ್ಲಲ್ಲಿ ತಿದ್ದಿ ಬರೆದದ್ದು.)



ನಾನು ಓದಿದ್ದು ನಮ್ಮೂರ ಹೈಸ್ಕೂಲು. ಅಲ್ಲಿಂದಾಚೆಗೆ ಓದಿದ್ದೆಲ್ಲ ಹೊಲದಲ್ಲಿ, ಚಳವಳಿಯಲ್ಲಿ, ಪೊಲೀಸ್ ಸ್ಟೇಷನ್ನಿನ ಕಟ್ಟೆ ಮೇಲೆ. ಹಾಗಾಗಿ ಪಂಡಿತರ ಮಾತನ್ನು ನನ್ನಿಂದ ನಿರೀಕ್ಷಿಸಬೇಡಿ. ಬೆಂಬಲ ಬೆಲೆಯ ಲೆಕ್ಕ, ಬಡ್ಡಿಯ ಲೆಕ್ಕ ಎರಡನ್ನೂ ಬಲ್ಲವರು ಬೆಳಿಗ್ಗೆಯೇ ಬಿಡಿಸಿ ಹೇಳಿದ್ದಾರೆ. ನಾನು ಬೇರೆ ಒಂದು ಲೆಕ್ಕ ಹೇಳಬೇಕು ಅಂತ ಬಂದಿದ್ದೇನೆ.

ಹೋದ ತಿಂಗಳು ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತಿದ್ದೆವಲ್ಲ, ಆವತ್ತು ಒಬ್ಬ ಹುಡುಗ ಮೈಕು ಹಿಡಿದು ಸಾಲ ವಸೂಲಿಯ ಅಧಿಕಾರಿಯೊಬ್ಬರ ಹೆಸರು ಹೇಳಿ 'ಜಿಗಣೆ, ಜಿಗಣೆ' ಅಂತ ಕೂಗಿದ. ಜನ 'ಹೊಸಕಿ ಹಾಕಿ' ಅಂತ ದನಿ ಕೊಟ್ಟರು. ನಾನೂ ಕೊಟ್ಟೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಎದೆಯ ಭಾರ ಇಳಿದ ಹಾಗಾಯಿತು. ಸಂಜೆ ಗದ್ದೆಗೆ ನೀರು ಕಟ್ಟೋಕೆ ಹೋದಾಗ ಕಾಲಿಗೆ ನಿಜವಾದ ಜಿಗಣೆಯೇ ಹತ್ತಿತು. ಎಲೆ ಅಡಿಕೆಗೆ ಇಟ್ಟುಕೊಂಡಿದ್ದ ಸುಣ್ಣ ಹಚ್ಚಿದೆ, ಉದುರಿತು. ಬದುವಿನ ಕಲ್ಲಿನ ಮೇಲೆ ಹಾಕಿ ಹೊಸಕಿದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾದ್ದೂ ಇಲ್ಲ, ಜಿಗಣೆ ತಾನೆ. ಆದರೆ ಅದೇ ಗಳಿಗೆಯಲ್ಲಿ ಮಧ್ಯಾಹ್ನದ ಕೂಗು ನೆನಪಾಯಿತು. ಆ ಕೂಗಿಗೆ ಇರುವ ಅರ್ಥವೇ ಇದು. ಹೊಸಕಿದರೂ ಏನೂ ಅನ್ನಿಸಬಾರದು, ಅದಕ್ಕಾಗಿಯೇ ಮನುಷ್ಯನಿಗೆ ಆ ಹೆಸರು ಇಡುವುದು.

ನಿಮ್ಮಲ್ಲಿ ಕೆಲವರು ಅನ್ನಬಹುದು: 'ಅಲ್ಲಯ್ಯಾ, ನಾವು ಬಂದಿರೋದು ಬೆಲೆ ಕೇಳೋಕೆ. ನೀನು ನೀತಿಪಾಠ ಶುರು ಮಾಡಿದೆಯಲ್ಲ.' ನೀತಿಪಾಠ ಅಲ್ಲ, ಸ್ವಾಮಿ. ಇದು ಬೆಲೆಯ ಪಾಠವೇ. ಒಂದು ದೇಶದಲ್ಲಿ ಧಾನ್ಯದ ಬೆಲೆಯ ತಕರಾರು ಒಂದು ಬೈಗುಳದ ದಾರಿ ಹಿಡಿದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದನ್ನು ಹೇಳುತ್ತೇನೆ. ಸತ್ತವರು ರೈತರು. ಅದಕ್ಕೇ ಇದು ನಮ್ಮ ಪತ್ರಿಕೆಯಲ್ಲೇ ಬರಬೇಕಾದ ಸಂಗತಿ.

ರಷ್ಯಾದಲ್ಲಿ 1917ರಲ್ಲಿ ಕ್ರಾಂತಿಯಾಯಿತು. ಜಮೀನ್ದಾರರ ಭೂಮಿ ಉಳುವವರ ಕೈಗೆ ಬಂತು. ಅದು ಸಣ್ಣ ಕೆಲಸವಲ್ಲ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆಮೇಲೆ ಹುಟ್ಟಿದ್ದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಜಗಳ. ಪಟ್ಟಣಕ್ಕೆ, ಕಾರ್ಖಾನೆಗೆ, ಸೈನ್ಯಕ್ಕೆ ಧಾನ್ಯ ಬೇಕು. ಸರ್ಕಾರ ಕೊಡುವ ಬೆಲೆ ಕಡಿಮೆ. ರೈತ ಕೊಳ್ಳಬೇಕಾದ ಬಟ್ಟೆ, ಮೊಳೆ, ಕಬ್ಬಿಣದ ಸಾಮಾನು ದುಬಾರಿ. ಎಷ್ಟೋ ಸಲ ಅಂಗಡಿಯಲ್ಲಿ ಸಿಗುವುದೇ ಇಲ್ಲ. 1923ರಲ್ಲಿ ಕಾರ್ಖಾನೆ ಮಾಲಿನ ಬೆಲೆ ಮೇಲಕ್ಕೆ, ಹೊಲದ ಮಾಲಿನ ಬೆಲೆ ಕೆಳಕ್ಕೆ ಹೋಗಿ, ಕಾಗದದ ಮೇಲೆ ಗೆರೆ ಎಳೆದರೆ ಬಾಯಿ ತೆರೆದ ಕತ್ತರಿಯ ಹಾಗೆ ಕಾಣುತ್ತಿತ್ತು. ಟ್ರಾಟ್ಸ್ಕಿ ಅದನ್ನು ಕತ್ತರಿ ಅಂತಲೇ ಕರೆದ. ನಮ್ಮ ಕುತ್ತಿಗೆಗೆ ಬಿದ್ದಿರುವುದೂ ಅದೇ ಕತ್ತರಿ. 1927ರ ಸುಗ್ಗಿ ಮುಗಿದ ಮೇಲೆ ಅಲ್ಲಿನ ರೈತರು ಆ ಬೆಲೆಗೆ ಧಾನ್ಯ ಮಾರದೆ ಇಟ್ಟುಕೊಂಡರು. ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು.

ಸರ್ಕಾರಕ್ಕೆ ಬೆಲೆ ಏರಿಸುವ ದಾರಿ ಇತ್ತು. ಅದು ಹಿಡಿದದ್ದು ಇನ್ನೊಂದು ದಾರಿ. 1928ರ ಜನವರಿಯಲ್ಲಿ ಸ್ಟಾಲಿನ್ ತಾನೇ ಸೈಬೀರಿಯಾಕ್ಕೆ ಹೋಗಿ, ಧಾನ್ಯ ಕೊಡದವರ ಮೇಲೆ ಕ್ರಿಮಿನಲ್ ಕಾಯಿದೆಯ 107ನೇ ಕಲಂ, ಅಂದರೆ ಕಾಳಸಂತೆಯ ಕಲಂ, ಹಾಕಿಸಿದ. ಆದರೆ ರೈತನ ಮನೆಗೆ ನುಗ್ಗಿ ಕಾಳು ಹೊರಿಸಿಕೊಂಡು ಬರಬೇಕಾದರೆ ಬರೀ ಕಾಯಿದೆ ಸಾಲದು. 'ಬೆಲೆ ಗಿಟ್ಟದೆ ಧಾನ್ಯ ಇಟ್ಟುಕೊಂಡ ರೈತ' ಅಂದರೆ ನುಗ್ಗುವವನ ಕಾಲು ಹಿಂಜರಿಯುತ್ತದೆ. ಬೇರೆ ಒಂದು ಹೆಸರು ಬೇಕು. ಆ ಹೆಸರು ತಯಾರಾಗಿಯೇ ಇತ್ತು: ಕುಲಕ್.

ಕುಲಕ್ ಅಂದರೆ ರಷ್ಯನ್ ಭಾಷೆಯಲ್ಲಿ ಮುಷ್ಟಿ. ಬಡ್ಡಿಗೆ ಕೊಟ್ಟು ಹಿಂಡುವವನನ್ನು, ಕಾಳು ಕಡಿ ವ್ಯಾಪಾರದಲ್ಲಿ ಊರವರ ತಲೆ ಸವರುವವನನ್ನು ಹಳ್ಳಿಯ ಜನ ಹಾಗೆ ಬೈಯುತ್ತಿದ್ದರು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೈಗುಳ ಹುಟ್ಟಿದ್ದು ರಾಜಧಾನಿಯಲ್ಲಲ್ಲ. ರೈತರ ಬಾಯಲ್ಲೇ, ನಿಜವಾದ ನೋವಿನಿಂದಲೇ ಹುಟ್ಟಿತು. ಆಮೇಲೆ ದೊಡ್ಡವರು ಅದನ್ನು ಎತ್ತಿಕೊಂಡರು. 1918ರ ಆಗಸ್ಟಿನಲ್ಲೇ ಲೆನಿನ್ ತನ್ನ ಬರಹದಲ್ಲಿ ಕುಲಕರನ್ನು ರಕ್ತ ಹೀರುವವರು, ಜೇಡಗಳು, ಜಿಗಣೆಗಳು ಅಂತ ಕರೆದಿದ್ದ. ಹೌದು, ಜಿಗಣೆಗಳು. ನಮ್ಮ ಹುಡುಗ ಮೈಕಿನಲ್ಲಿ ಕೂಗಿದ ಅದೇ ಮಾತು. ಅದೇ ತಿಂಗಳು ಪೆಂಜಾ ಪ್ರಾಂತದವರಿಗೆ, ಕಡಿಮೆಯೆಂದರೆ ನೂರು ಮಂದಿಯನ್ನು ಜನರಿಗೆ ಕಾಣುವ ಹಾಗೆ ನೇಣು ಹಾಕಿ ಅಂತ ಆಜ್ಞೆ ಬರೆದ. ಆ ನೂರು ಮಂದಿಯಲ್ಲಿ ಒಬ್ಬರ ಹೆಸರೂ ಅದರಲ್ಲಿ ಇಲ್ಲ. ಲೆಕ್ಕ ಮಾತ್ರ ಇದೆ. ಹುಳುಗಳಿಗೆ ಹೆಸರು ಇರುವುದಿಲ್ಲ ನೋಡಿ, ಲೆಕ್ಕ ಮಾತ್ರ ಇರುತ್ತದೆ.

1929ರ ಡಿಸೆಂಬರ್ 27ರಂದು ಸ್ಟಾಲಿನ್, ಕುಲಕರನ್ನು ಒಂದು ವರ್ಗವಾಗಿ ನಿರ್ಮೂಲ ಮಾಡುತ್ತೇವೆ ಅಂತ ಸಾರಿದ. ಮುಂದಿನ ತಿಂಗಳು, 1930ರ ಜನವರಿ 30ರಂದು ಪಕ್ಷದ ಮೇಲಿನ ಸಮಿತಿ ಮೂರು ದರ್ಜೆ ಮಾಡಿತು. ಮೊದಲ ದರ್ಜೆಯವರಿಗೆ ಗುಂಡು ಅಥವಾ ಸೆರೆ ಶಿಬಿರ. ಎರಡನೆಯವರನ್ನು ಸಂಸಾರ ಸಮೇತ ದೂರದ ಹಿಮದ ಸೀಮೆಗೆ ಸಾಗಿಸುವುದು. ಮೂರನೆಯವರನ್ನು ಅದೇ ಜಿಲ್ಲೆಯ ಬರಡು ಜಾಗಕ್ಕೆ ದೂಡುವುದು. ಸೀಮೆ ಸೀಮೆಗೂ ಲೆಕ್ಕ ಗೊತ್ತು ಮಾಡಿದರು: ನೂರು ಮನೆಗೆ ಮೂರರಿಂದ ಐದು ಮನೆ. ಈಗ ಯೋಚನೆ ಮಾಡಿ, ನಿಮ್ಮೂರಲ್ಲಿ ಇನ್ನೂರು ಮನೆ ಇದ್ದರೆ ಆರರಿಂದ ಹತ್ತು ಮನೆ ಪಟ್ಟಿಯಲ್ಲಿ ಬರಲೇಬೇಕು. ಬಡ್ಡಿ ಸಾಹುಕಾರ ಇರುವವನು ಒಬ್ಬನೇ ಆದರೆ ಮಿಕ್ಕವರು ಯಾರು? ಎರಡು ಹಸು ಇರುವವನು. ಸುಗ್ಗಿಗೆ ಆಳು ಕರೆದವನು. ಬದುವಿನ ಜಗಳದಲ್ಲಿ ಯಾರನ್ನೋ ಎದುರು ಹಾಕಿಕೊಂಡವನು. ಆ ಮಾತಿಗೆ ಸೇರು ಇಲ್ಲ, ಪಾವು ಇಲ್ಲ. ಯಾರನ್ನು ಬೇಕಾದರೂ ಅದರಲ್ಲಿ ಅಳೆಯಬಹುದು.

ಸರಿ, ಏನೂ ಇಲ್ಲದ ಕೂಲಿಯವನೊಬ್ಬ ಎದ್ದು 'ಇದು ಅನ್ಯಾಯ ಕಣ್ರಪ್ಪಾ' ಅಂದರೆ? ಅವನಿಗೂ ಒಂದು ಹೆಸರು ಮಾಡಿದರು, ಪೋದ್‌ಕುಲಾಚ್ನಿಕ್. ಕುಲಕರ ಬಾಲ ಅಂತಿಟ್ಟುಕೊಳ್ಳಿ. ಅಲ್ಲಿಗೆ ಮಾತಾಡುವ ಬಾಯಿ ಮುಚ್ಚಿತು. ಪಕ್ಕದ ಮನೆಯವರಿಗಾಗಿ ಕಣ್ಣೀರು ಹಾಕಿದವನೂ ಅಪರಾಧಿ.

1930 ಮತ್ತು 1931, ಈ ಎರಡೇ ವರ್ಷದಲ್ಲಿ ಸುಮಾರು 18 ಲಕ್ಷ ಜನರನ್ನು ಹೀಗೆ ಸಾಗಿಸಿದರು. ಅದರಲ್ಲಿ ಮುದುಕರು, ಬಾಣಂತಿಯರು, ಎಳೆ ಮಕ್ಕಳು ಎಲ್ಲ ಸೇರಿದ್ದರು. ಮಕ್ಕಳು ಯಾಕೆ ಅಂತ ಕೇಳಬೇಡಿ. ಜಿಗಣೆಯ ಮರಿಯೂ ಜಿಗಣೆಯೇ ಅಲ್ಲವೇ? ಸಾಮೂಹಿಕ ಬೇಸಾಯಕ್ಕೆ ದನ ಒಪ್ಪಿಸುವ ಬದಲು ರೈತರು ತಮ್ಮ ಕೈಯಾರೆ ದನ ಕಡಿದರು. ನಾಲ್ಕೈದು ವರ್ಷದಲ್ಲಿ ದೇಶದ ದನ, ಕುದುರೆಗಳ ಸಂಖ್ಯೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. 1932ರ ಆಗಸ್ಟಿನಲ್ಲಿ ಬಂದ ಕಾನೂನಿನಂತೆ ಸಾಮೂಹಿಕ ಹೊಲದ ತೆನೆ ಕಿತ್ತವನಿಗೂ ಹತ್ತು ವರ್ಷ ಸೆರೆ ಅಥವಾ ಮರಣದಂಡನೆ ಆಗಬಹುದಿತ್ತು. ಧಾನ್ಯ ವಸೂಲಿಯ ತಂಡಗಳು ಕಬ್ಬಿಣದ ಸಲಾಕೆ ಹಿಡಿದು ಮನೆಯ ನೆಲ, ಒಲೆ, ಹಿತ್ತಿಲು ಚುಚ್ಚಿ ಕಾಳು ಹುಡುಕಿದವು. 1932-33ರ ಕ್ಷಾಮದಲ್ಲಿ ಉಕ್ರೇನ್ ಒಂದರಲ್ಲೇ ಸುಮಾರು 35 ಲಕ್ಷದಿಂದ 39 ಲಕ್ಷ ಜನ ಸತ್ತರು ಅಂತ ವಿದ್ವಾಂಸರ ಅಂದಾಜು. ಕಜಾಕಸ್ತಾನದ ದನಗಾಹಿಗಳಲ್ಲಿ ಇನ್ನೂ ಸುಮಾರು 15 ಲಕ್ಷ. ಲೋಕಕ್ಕೆ ಗೋಧಿ ಕೊಟ್ಟ ಕಪ್ಪು ಮಣ್ಣಿನ ಸೀಮೆ ಅದು.

ಆಮೇಲೆ ಬೆಲೆಯ ತಕರಾರು ಏನಾಯಿತು? ಅದನ್ನು ಎತ್ತುವವರೇ ಉಳಿಯಲಿಲ್ಲ. ಶ್ರೀಮಂತ ರೈತನನ್ನು ಓಡಿಸಿದಾಗ ಚಪ್ಪಾಳೆ ಹೊಡೆದ ಬಡ ರೈತನಿಗೆ ಏನು ಸಿಕ್ಕಿತು? 1932ರ ಕೊನೆಗೆ ದೇಶದೊಳಗೆ ಓಡಾಡಲು ರಹದಾರಿ ಚೀಟಿ ಬಂತು. ಸಾಮೂಹಿಕ ಬೇಸಾಯದ ರೈತರಿಗೆ ಸಾಮಾನ್ಯವಾಗಿ ಅದನ್ನು ಕೊಡಲೇ ಇಲ್ಲ. ಎಲ್ಲರಿಗೂ ಕೊಡಬೇಕು ಅಂತ ಆಜ್ಞೆಯಾದದ್ದು 1974ರಲ್ಲಿ. ನಲವತ್ತು ವರ್ಷ ಹಳ್ಳಿಯವನು ಹಳ್ಳಿಗೇ ಕಟ್ಟಿದ ಎತ್ತು.

ಈ ಕಥೆಯೊಳಗೆ ಒಬ್ಬ ಮನುಷ್ಯನ ಕಥೆ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಲೆವ್ ಕೋಪೆಲೆವ್ ಅಂತ. 1912ರಲ್ಲಿ ಕೀವ್‌ನಲ್ಲಿ ಹುಟ್ಟಿದವನು. ಇಪ್ಪತ್ತರ ಹುಡುಗ, ಪಕ್ಷದ ಮಾತಿನಲ್ಲಿ ಪೂರ್ತಿ ನಂಬಿಕೆ. ಆ ಕ್ಷಾಮದ ಚಳಿಗಾಲದಲ್ಲಿ ಉಕ್ರೇನಿನ ಹಳ್ಳಿಗಳಲ್ಲಿ ಧಾನ್ಯ ಹುಡುಕುವ ತಂಡದ ಜೊತೆ ತಾನೂ ಹೋದ. ಹೆಂಗಸರು ಅಳುವುದು, ಮಕ್ಕಳು ಚೀರುವುದು ಅವನ ಕಿವಿಗೆ ಬೀಳದೆ ಇರಲಿಲ್ಲ. ಆದರೂ ಇದು ಒಳ್ಳೆಯದಕ್ಕೇ, ಮರುಕ ತೋರುವುದೇ ತಪ್ಪು ಅಂತ ತನಗೆ ತಾನೇ ಹೇಳಿಕೊಂಡ. ಇದನ್ನೆಲ್ಲ ಬೇರೆ ಯಾರೋ ಅವನ ಮೇಲೆ ಹೊರಿಸಿದ್ದಲ್ಲ. ವಯಸ್ಸಾದ ಮೇಲೆ ಅವನೇ ತನ್ನ ಆತ್ಮಕಥೆಯಲ್ಲಿ ಬರೆದು ಒಪ್ಪಿಕೊಂಡದ್ದು.

ಮುಂದೆ ಯುದ್ಧ ಬಂತು. ಅವನು ಕೆಂಪು ಸೇನೆಯಲ್ಲಿ ಅಧಿಕಾರಿ. 1945ರಲ್ಲಿ ಸೇನೆ ಜರ್ಮನಿಗೆ ನುಗ್ಗಿದಾಗ ಅಲ್ಲಿನ ಸಾಮಾನ್ಯ ಜನರ ಮೇಲೆ, ಹೆಂಗಸರ ಮೇಲೆ ನಡೆದದ್ದನ್ನು ಕಂಡು ಈ ಸಲ ಸುಮ್ಮನಿರಲಿಲ್ಲ, ಅಡ್ಡ ಬಂದ. ಜರ್ಮನರು ಅವನ ಜನಕ್ಕೆ ಮಾಡಿದ್ದೇನು ಸಾಮಾನ್ಯವೇ? ಅವನು ಹುಟ್ಟಿನಿಂದ ಯಹೂದಿ ಬೇರೆ. ಆದರೂ ಅಡ್ಡ ಬಂದ. ಶತ್ರುವಿಗೆ ಕನಿಕರ ತೋರಿದ ಅನ್ನುವ ಆರೋಪದ ಮೇಲೆ ಅವನನ್ನು ಹಿಡಿದರು. 1954ರವರೆಗೆ ಸೆರೆಯಲ್ಲಿದ್ದ. 1981ರಲ್ಲಿ ಅವನ ಪೌರತ್ವವನ್ನೂ ಕಿತ್ತುಕೊಂಡರು. 1997ರಲ್ಲಿ ಸತ್ತದ್ದು ಜರ್ಮನಿಯಲ್ಲೇ. ಕಾಳು ಕಿತ್ತುಕೊಂಡಾಗ ಅವನಿಗೆ ಶಿಕ್ಷೆಯಾಗಲಿಲ್ಲ. ಕನಿಕರ ಪಟ್ಟಾಗ ಆಯಿತು. ಅಂಥ ಕಾಲದಲ್ಲಿ ನ್ಯಾಯದ ತಕ್ಕಡಿ ಹಾಗೇ ತಿರುಗಿಬಿಡುತ್ತದೆ.

ಇದು ಒಂದು ಪಕ್ಷದ, ಒಂದು ದೇಶದ ರೋಗ ಅಂದುಕೊಳ್ಳಬೇಡಿ. ಆಫ್ರಿಕಾದ ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ನೂರು ದಿನದೊಳಗೆ ಲಕ್ಷಾಂತರ ಟುಟ್ಸಿಗಳನ್ನು ಕೊಂದರು. ಅದಕ್ಕೆ ಮುಂಚಿನಿಂದಲೂ ಒಂದು ರೇಡಿಯೋ ಅವರನ್ನು 'ಇನ್ಯೆಂಜಿ' ಅಂತ ಕರೆಯುತ್ತಿತ್ತು. ಇನ್ಯೆಂಜಿ ಅಂದರೆ ಜಿರಲೆ. ಮಚ್ಚು ಹಿಡಿದವರಲ್ಲಿ ಬಹಳ ಮಂದಿ ನಮ್ಮ ಹಾಗೆ ಬೇಸಾಯ ಮಾಡುವವರೇ; ಸತ್ತವರಲ್ಲೂ ಬಹಳ ಮಂದಿ ಬೇಸಾಯದವರೇ. ಆ ರೇಡಿಯೋದ ಹಿಂದಿದ್ದವರಿಗೆ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಆಡಿದ ಮಾತಿಗೂ ಸೇರಿಸಿ. ಮಾತು ಬರೀ ಮಾತಲ್ಲ ಅಂತ ಆ ನ್ಯಾಯಾಲಯಕ್ಕೂ ಅನ್ನಿಸಿತು.

ಈಗ ನಮ್ಮ ಕಡೆಗೆ ಬರೋಣ. ನಾನು ಚಿಕ್ಕವನಿದ್ದಾಗ ಲೆವಿ ಭತ್ತದ ಕಾಲ. ಸರ್ಕಾರ ಹೇಳಿದ ಬೆಲೆಗೆ ಹೇಳಿದಷ್ಟು ಭತ್ತ ಕೊಡಲೇಬೇಕು. ಅಪ್ಪ ರಾತ್ರಿಯಲ್ಲಿ ಮೂಟೆಗಳನ್ನು ಹುಲ್ಲಿನ ಮೆದೆಯ ಒಳಗೆ ಸೇರಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕಬ್ಬಿಣದ ಸಲಾಕೆಯ ಸಂಗತಿ ಓದಿದಾಗ ನನ್ನ ಮೈ ನಡುಗಿದ್ದು ಅದಕ್ಕೇ. ನಮ್ಮಲ್ಲಿ ಅದು ಅಲ್ಲಿಗೆ ಹೋಗಲಿಲ್ಲ. ಬೈದಾಡಿದರು, ಕೇಸು ಹಾಕಿದರು, ರೈತರು ಎದ್ದು ನಿಂತರು, ಮಾತು ನಡೆಯಿತು. ಯಾಕೆ ಹೋಗಲಿಲ್ಲ? ಓಟು ಇತ್ತು, ಪತ್ರಿಕೆ ಇತ್ತು, ಕೋರ್ಟು ಇತ್ತು. ನಮ್ಮನ್ನು ಪೂರ್ತಿ ಹುಳು ಮಾಡಲು ಯಾರಿಗೂ ಆಗಲಿಲ್ಲ.

ಮಾಡಲು ನೋಡಿದವರು ಇಲ್ಲ ಅಂತಲ್ಲ. ಬ್ಯಾಂಕಿನ ಗೋಡೆಯ ಮೇಲೆ 'ಸುಸ್ತಿದಾರರು' ಅಂತ ಪಟ್ಟಿ ಅಂಟಿಸುತ್ತಾರಲ್ಲ, ಅದನ್ನು ಓದುವಾಗ ಆ ಮನುಷ್ಯನ ಬೋರ್‌ವೆಲ್ ಬತ್ತಿದ್ದು, ಹೆಂಡತಿಯ ಆಪರೇಷನ್, ಟೊಮ್ಯಾಟೊ ರಸ್ತೆಗೆ ಸುರಿದದ್ದು ಒಂದೂ ಕಾಣುವುದಿಲ್ಲ. ಬರೀ ಸುಸ್ತಿದಾರ. 2020-21ರಲ್ಲಿ ಮೂರು ಕಾಯಿದೆಗಳ ವಿರುದ್ಧ ದೆಹಲಿಯ ಗಡಿಯಲ್ಲಿ ರೈತರು ಒಂದು ವರ್ಷ ಕೂತಾಗ ಅವರಿಗೆ ಖಲಿಸ್ತಾನಿಗಳು ಅಂದರು. 2021ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲೇ 'ಆಂದೋಲನಜೀವಿ' ಅನ್ನುವ ಮಾತು, ಅದರ ಜೊತೆಗೇ ಪರಾವಲಂಬಿ ಜೀವಿಗಳು ಅನ್ನುವ ಮಾತು ಬಂತು. ಪರಾವಲಂಬಿ ಜೀವಿ ಅಂದರೆ ಏನು? ಉಣ್ಣೆ, ಜಿಗಣೆ. ನಮಗೆ ಉರಿಯಿತು. ಉರಿಯಬೇಕಾದ್ದೇ. ಆದರೆ ನಮಗೆ ಉರಿದ ಅದೇ ಮಾತನ್ನು ನಾವು ಇನ್ನೊಬ್ಬರಿಗೆ ಮೈಕಿನಲ್ಲಿ ಕೂಗುವುದು ಹೇಗೆ?

ಇನ್ನೊಂದು ಮಾತು. ಜುಲೈ 21 ಬಂದರೆ ನಾವು ಹುತಾತ್ಮರಿಗೆ ಹೂ ಹಾಕುತ್ತೇವೆ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನೀರಿನ ಕರ, ಬೆಟರ್‌ಮೆಂಟ್ ಲೆವಿ ಎದುರಿಸಿ ನರಗುಂದ, ನವಲಗುಂದದ ರೈತರು ಎದ್ದಾಗ ಗೋಲಿಬಾರ್ ಆಗಿ ನಮ್ಮವರು ಬಿದ್ದರು. ಅವರ ರಕ್ತದಿಂದಲೇ ಈ ನಾಡಿನ ರೈತ ಚಳವಳಿ ಎದ್ದು ನಿಂತದ್ದು. ಆದರೆ ಅದೇ ದಿನ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರ ಮಾತು ನಮ್ಮ ಸಭೆಗಳಲ್ಲಿ ಬರುವುದಿಲ್ಲ. ಖಾಕಿ ಹಾಕಿಕೊಂಡವನೂ ಬಹಳ ಸಲ ರೈತನ ಮಗನೇ. ಗುಂಡು ಹಾರಿಸಲು ಹೇಳಿದವರ ಮೇಲಿನ ನಮ್ಮ ಆಪಾದನೆಯನ್ನು ಒಂದು ಅಕ್ಷರ ಕಡಿಮೆ ಮಾಡಬೇಕಾಗಿಲ್ಲ. ಆ ಮನೆಗಳಲ್ಲೂ ಆವತ್ತು ಒಲೆ ಹಚ್ಚಲಿಲ್ಲ ಅಂತ ನೆನೆಯುವುದಕ್ಕೆ ನಮ್ಮ ಗಂಟೇನು ಹೋಗುತ್ತದೆ?

ಇದಕ್ಕಿಂತ ಕಹಿಯಾದ ಮಾತು ಇನ್ನೊಂದಿದೆ, ಕೋಪ ಮಾಡಿಕೊಳ್ಳಬೇಡಿ. ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರ ರಾತ್ರಿ ಒಂದು ಗುಡಿಸಲಿನಲ್ಲಿ 44 ಜನ ದಲಿತರು ಸುಟ್ಟು ಸತ್ತರು. ಬಹುಪಾಲು ಹೆಂಗಸರು, ಮಕ್ಕಳು. ಅವರ ಕಡೆಯವರು ಕೇಳಿದ್ದೇನು? ಕೊಯ್ಲಿನ ಕೂಲಿಗೆ ಇನ್ನೊಂದಿಷ್ಟು ಭತ್ತ. ಇದೂ ಬೆಲೆಯ ತಕರಾರೇ ತಾನೆ? ನಾವು ಬೆವರಿಗೆ ಬೆಲೆ ಕೇಳುವ ಹಾಗೆ ಅವರೂ ಕೇಳಿದರು. ಬೆಂಕಿ ಇಟ್ಟವರು ಸರ್ಕಾರದವರಲ್ಲ, ಜಮೀನು ಇದ್ದವರು. ನಮ್ಮ ರಾಜ್ಯದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಎರಡು ಕಡೆಯೂ ಕೊನೆಗೆ ಆರೋಪಿಗಳು ಕೋರ್ಟಿನಿಂದ ಬಿಡುಗಡೆಯಾದರು. ಮೇಲಿನವರು ನಮ್ಮನ್ನು ಮನುಷ್ಯರು ಅಂತ ಕಾಣಬೇಕು ಅನ್ನುವ ನಾವು, ನಮ್ಮ ಗದ್ದೆಗೆ ನಾಟಿಗೆ ಬರುವವರನ್ನು ಯಾವ ಮಾತಿನಲ್ಲಿ ಕರೆಯುತ್ತೇವೆ? 'ಆ ಜನ ಸೋಮಾರಿಗಳು, ಅವಕ್ಕೆ ಕೊಬ್ಬು' ಅಂತ ಜಗಲಿ ಮೇಲೆ ಕೂತು ಆಡುವುದಿಲ್ಲವೇ? 'ಅವಕ್ಕೆ' ಅನ್ನುತ್ತೇವೆ ನೋಡಿ. 'ಅವರಿಗೆ' ಅಲ್ಲ.

ನಮ್ಮ ಭಾಷೆಯಲ್ಲಿ ಇದೊಂದು ಬಾಗಿಲಿದೆ. ಅವರು, ಅವನು, ಅದು. ಮಗುವನ್ನು 'ಅದು' ಅಂದರೆ ಮುದ್ದು. ದೊಡ್ಡ ಮನುಷ್ಯನನ್ನು 'ಅದು' ಅಂದರೆ ಅವನನ್ನು ಮನುಷ್ಯರ ಹಟ್ಟಿಯಿಂದ ದನದ ಕೊಟ್ಟಿಗೆಗೆ ದಾಟಿಸಿದ ಹಾಗೆ. ನಾನು ಆ ಬಾಗಿಲು ದಾಟಿಸಿದವನು. ಅದನ್ನೂ ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೈದರ ಆಸುಪಾಸು. ಒಂದು ಬ್ಯಾಂಕಿನವರು ಜಪ್ತಿಗೆ ಬಂದು ನಮ್ಮೂರ ಒಬ್ಬ ವಿಧವೆ ತಾಯಿಯ ಮನೆ ಬಾಗಿಲನ್ನೇ ಕಿತ್ತುಕೊಂಡು ಹೋಗಿದ್ದರು. ಹೌದು, ಮರದ ಬಾಗಿಲು. ಒಂದು ವಾರಕ್ಕೆ ಅದೇ ಅಧಿಕಾರಿ ಮತ್ತೆ ಬಂದರು. ಈಗ 'ಬಂದರು' ಅನ್ನುತ್ತೇನೆ. ಆವತ್ತು ನಾವು ಅಂದದ್ದು 'ಅದು ಬಂತು ಕಣ್ರೋ' ಅಂತ. ಜೀಪು ಅಡ್ಡಗಟ್ಟಿ, ಅವರನ್ನು ಮಾರಮ್ಮನ ಗುಡಿ ಮುಂದೆ ಬಿಸಿಲಲ್ಲಿ ಕೂರಿಸಿ, ಕೊರಳಿಗೆ ಚಪ್ಪಲಿ ಹಾರ ಹಾಕಿದೆವು. ಹುಡುಗರು ಸಗಣಿ ಎಸೆದರು. ಎರಡು ಗಂಟೆ ಹೊತ್ತು ಕಳೆದ ಮೇಲೆ ಅವರು ನೀರು ಕೇಳಿದರು. ಚೊಂಬು ನನ್ನ ಕೈಯಲ್ಲೇ ಇತ್ತು. ಯಾರೋ 'ಹದ್ದಿಗೆ ನೀರೇನೋ' ಅಂದರು. ನಾನು ಅವರ ಕಣ್ಣೆದುರೇ ಆ ನೀರನ್ನು ನೆಲಕ್ಕೆ ಸುರಿದೆ. ಎಲ್ಲರೂ ನಕ್ಕರು. ಇನ್ನು ಸ್ವಲ್ಪ ಹೊತ್ತಿಗೆ ಆ ಮನುಷ್ಯ ಎಚ್ಚರ ತಪ್ಪಿ ಬಿದ್ದರು. ಡ್ರೈವರ್ ಎತ್ತಿ ಹಾಕಿಕೊಂಡು ಹೋದ.

ಅವರು ಮಾಡಿದ್ದು ಸರಿಯೇ? ಅಲ್ಲ. ಬಾಗಿಲು ಕಿತ್ತದ್ದು ಅನ್ಯಾಯ, ಇವತ್ತೂ ಹೇಳುತ್ತೇನೆ. ಆದರೆ ಮರುದಿನ ಪತ್ರಿಕೆಯಲ್ಲಿ ಬಂದದ್ದು ಬಾಗಿಲಿನ ಸುದ್ದಿಯಲ್ಲ, ಚಪ್ಪಲಿಯ ಸುದ್ದಿ. ನಮ್ಮಲ್ಲಿ ಹನ್ನೊಂದು ಮಂದಿ ಮೇಲೆ ಕೇಸಾಯಿತು. ನಾಲ್ಕು ವರ್ಷ ಕೋರ್ಟಿಗೆ ಅಲೆದೆವು. ಒಬ್ಬ ಆ ಖರ್ಚಿಗೆ ಹಸು ಮಾರಿದ, ಇನ್ನೊಬ್ಬ ಬಡ್ಡಿಗೆ ಸಾಲ ತೆಗೆದ. ಸಾಲದ ವಿರುದ್ಧ ಹೋರಾಡಲು ಹೋಗಿ ಸಾಲ. ಅಸಲು ಎಷ್ಟು, ಬಡ್ಡಿ ಎಷ್ಟು, ಆ ತಾಯಿ ಕಟ್ಟಿದ್ದೆಷ್ಟು ಅನ್ನುವ ಲೆಕ್ಕ ಆ ಅಧಿಕಾರಿಯ ಚೀಲದಲ್ಲೇ ಇತ್ತು. ಎರಡು ಗಂಟೆ ನಮ್ಮ ಮುಂದೆ ಕೂತಿದ್ದವರನ್ನು ನಾವು ಆ ಒಂದು ಪ್ರಶ್ನೆ ಕೇಳಲಿಲ್ಲ. ಹದ್ದಿನ ಹತ್ತಿರ ಯಾರಾದರೂ ಲೆಕ್ಕ ಕೇಳುತ್ತಾರೆಯೇ? ಆ ತಾಯಿಯ ಬಾಗಿಲು ವಾಪಸ್ ಬರಲಿಲ್ಲ. ಬಾಗಿಲಿಗೆ ಗೋಣಿತಾಟು ಕಟ್ಟಿಕೊಂಡು ಆ ಮಳೆಗಾಲ ಕಳೆದಳು.

ಎಷ್ಟೋ ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಆ ಅಧಿಕಾರಿಯನ್ನು ಕಂಡೆ. ರಿಟೈರ್ ಆಗಿದ್ದರು ಅಂತ ಕಾಣುತ್ತದೆ. ನನ್ನ ಗುರುತು ಹತ್ತಿತು. ಎದ್ದು ಬೇರೆ ಬೆಂಚಿಗೆ ಹೋದರು. ನಾನು ಹೋಗಿ ಮಾತಾಡಿಸಬೇಕಾಗಿತ್ತು. ಮಾತಾಡಿಸಲಿಲ್ಲ. ಬಸ್ಸು ಬಂತು, ಹತ್ತಿದೆ.

'ಹಾಗಾದರೆ ಕೈಮುಗಿದುಕೊಂಡು ಕೂರೋಣವೇ?' ಅಂತ ಕೇಳುತ್ತೀರಿ. ಖಂಡಿತ ಬೇಡ. 1917ರ ಚಂಪಾರಣ್ಯವನ್ನು ನೆನೆಯಿರಿ. ಬಿಹಾರದ ಆ ರೈತರು ಬಿಳಿ ತೋಟಗಾರರಿಗಾಗಿ ಇಪ್ಪತ್ತು ಕಟ್ಠಾ ಜಮೀನಿನಲ್ಲಿ ಮೂರು ಕಟ್ಠಾ ನೀಲಿ ಬೆಳೆಯಲೇಬೇಕು ಅನ್ನುವ ಕಟ್ಟಿನಲ್ಲಿದ್ದರು. ಗಾಂಧೀಜಿ ಅಲ್ಲಿಗೆ ಹೋಗಿ ಮೊದಲು ಮಾಡಿದ್ದೇನು? ತೋಟಗಾರರ ಸಂಘದವರನ್ನೂ ಕಮಿಷನರನ್ನೂ ಕಂಡು ತಾನು ಬಂದಿರುವ ಕೆಲಸ ಹೇಳಿದರು. ಜಿಲ್ಲೆ ಬಿಟ್ಟು ಹೋಗು ಅಂದಾಗ ಹೋಗುವುದಿಲ್ಲ ಅಂದರು. ಆಮೇಲೆ ಸಾವಿರಾರು ರೈತರ ಹೇಳಿಕೆ ಬರೆಸಿಕೊಂಡರು. ಪ್ರತಿಯೊಬ್ಬನಿಗೂ ಪಾಟಿ ಸವಾಲು. ಅದರಲ್ಲಿ ನಿಲ್ಲದ ಹೇಳಿಕೆ ಬರೆಯುವಂತಿಲ್ಲ. ಗುಪ್ತ ಪೊಲೀಸರು ಬಂದು ಕೂತರೆ ಕೂರಲಿ ಅಂತ ಬಿಟ್ಟರು, ಮರ್ಯಾದೆಯಿಂದಲೇ ನಡೆಸಿಕೊಂಡರು. ತೋಟಗಾರರಲ್ಲಿ ಒಬ್ಬನನ್ನೂ ಜಿಗಣೆ ಅನ್ನಲಿಲ್ಲ. ಅವನು ಯಾರಿಂದ ಯಾವತ್ತು ಎಷ್ಟು ಕಿತ್ತ ಅಂತ ಮಾತ್ರ ಬರೆಸಿದರು. ಸರ್ಕಾರ ವಿಚಾರಣಾ ಸಮಿತಿ ಮಾಡಬೇಕಾಯಿತು. ಅದರಲ್ಲಿ ಗಾಂಧೀಜಿಯೂ ಇದ್ದರು, ತೋಟಗಾರರ ಕಡೆಯವರೂ ಇದ್ದರು. ಕಿತ್ತ ಹಣದಲ್ಲಿ ನೂರಕ್ಕೆ 25 ಭಾಗ ವಾಪಸ್ ಬಂತು, ನೀಲಿಯ ಕಟ್ಟು 1918ರ ಕಾಯಿದೆಯಿಂದ ಮುರಿಯಿತು. 25 ಕಡಿಮೆಯಾಯಿತು ಅಂದವರೂ ಇದ್ದಾರೆ, ಅದು ಬೇರೆ ವಾದ. ಆದರೆ ಹೇಳಿಕೆಯ ಆ ಕಾಗದಗಳನ್ನು ಯಾರಿಗೂ ಅಲ್ಲಗಳೆಯಲು ಆಗಲಿಲ್ಲ.

ಬೈಗುಳಕ್ಕೂ ಲೆಕ್ಕಕ್ಕೂ ಇರುವ ವ್ಯತ್ಯಾಸ ಇದು. 'ಈ ಕಾರ್ಯದರ್ಶಿ ಜಿಗಣೆ' ಅಂದರೆ ಅವನು ಉತ್ತರ ಕೊಡಬೇಕಾಗಿಯೇ ಇಲ್ಲ. 'ಈ ಕಾರ್ಯದರ್ಶಿ ಇಂಥ ತಾರೀಕು ಇಂಥವರ ಖಾತೆಗೆ ಇಷ್ಟು ರೂಪಾಯಿ ಸುಳ್ಳು ಬಡ್ಡಿ ಬರೆದಿದ್ದಾರೆ' ಅಂದರೆ ಉತ್ತರ ಕೊಡಲೇಬೇಕು. ಜಿಗಣೆಯ ಮೇಲೆ ಆಪಾದನೆ ಹೊರಿಸಲು ಬರುವುದಿಲ್ಲ, ಅದರ ಹುಟ್ಟುಗುಣವೇ ಅದು. ತಪ್ಪು ಮಾಡಬಲ್ಲವನು ಮನುಷ್ಯ ಒಬ್ಬನೇ. ಆದ್ದರಿಂದ ಎದುರಾಳಿಯನ್ನು ಮನುಷ್ಯ ಅಂತ ಕರೆಯುವುದು ಅವನಿಗೆ ಮಾಡುವ ಉಪಕಾರ ಅಂದುಕೊಳ್ಳಬೇಡಿ. ಅವನನ್ನು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ಬಿಡದೆ ಕಟ್ಟಿಹಾಕುವ ಹಗ್ಗ ಅದು.

ಇನ್ನು ಮುಂದೆ ನಮ್ಮ ತಾಲ್ಲೂಕಿನ ಮಟ್ಟಿಗೆ ಮೂರು ಕೆಲಸ ಆಗಲಿ ಅಂತ ಈ ಶಿಬಿರದಲ್ಲಿ ಕೇಳಿಕೊಳ್ಳುತ್ತೇನೆ. ಘೋಷಣೆಯಲ್ಲಿ ಪ್ರಾಣಿ, ಹುಳು, ರೋಗದ ಹೆಸರು ಬೇಡ. ಮಾಡಿದ ಕೆಲಸದ ಹೆಸರು, ಮೊತ್ತ, ತಾರೀಕು ಇರಲಿ. ಘೇರಾವ್ ಮಾಡಿದಾಗ ಒಳಗಿರುವವರಿಗೆ ನೀರು, ಊಟ, ಔಷಧಿ ತಲುಪಿಸಲು ನಮ್ಮವರೇ ಇಬ್ಬರು ಜವಾಬ್ದಾರಿ ಹೊರಲಿ. ನಮ್ಮ ಸಭೆಯಲ್ಲಿ ಒಬ್ಬ ಎದ್ದು 'ಇದು ಸರಿಯಲ್ಲ' ಅಂದರೆ ಅವನಿಗೆ 'ಸರ್ಕಾರದ ಬಾಲ' ಅಂತ ಹೆಸರಿಡದೆ ಮಾತು ಮುಗಿಸಲು ಬಿಡಿ. ರಷ್ಯಾದ ಆ ಕೂಲಿಯವನ ಬಾಯಿ ಮುಚ್ಚಿಸಿದ್ದು ಅಂಥದೇ ಒಂದು ಹೆಸರು.

ಆ ಮೈಕಿನ ಹುಡುಗ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ನಿನ್ನ ಮೇಲೆ ದೂರು ಹೇಳಲು ಈ ಮಾತು ಎತ್ತಲಿಲ್ಲ. ನಿನ್ನ ಅಪ್ಪನ ಹೆಸರು ಆ ಗೋಡೆಯ ಪಟ್ಟಿಯಲ್ಲಿ ಇರುವುದು ನನಗೆ ಗೊತ್ತು. ನಿನ್ನ ದನಿ ಚೆನ್ನಾಗಿದೆ, ಮುಂದಿನ ಸೋಮವಾರದ ಧರಣಿಯಲ್ಲೂ ಮೈಕು ನಿನ್ನ ಕೈಯಲ್ಲೇ ಇರಲಿ. ಅಷ್ಟರೊಳಗೆ ಅಪ್ಪನ ಪಾಸ್‌ಪುಸ್ತಕ ತೆಗೆದುಕೊಂಡು ಒಂದು ಸಂಜೆ ನಮ್ಮ ಮನೆಗೆ ಬಾ. ಅಸಲು, ಬಡ್ಡಿ ಎರಡನ್ನೂ ಕೂತು ಬಿಡಿಸೋಣ. ಸೋಮವಾರ ಆ ಲೆಕ್ಕವನ್ನೇ ಕೂಗು. ದನಿ ಕೊಡಲು ನಾನಿರುತ್ತೇನೆ.